ಬಾಯ್ಲರ್ ಬಿಚ್ಚಿದವರು

ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬಂತು. ಸೆಲ್ವಿನ್ ಸಡಬಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದ, ಈ ಸಲ ಸಣ್ಣಗೆ, ಪೆನ್ಸಿಲಿನಷ್ಟು ದಪ್ಪ ಧಾರೆ. ಗೋಡೆಯ ಮೇಲಿನ ಬಾಯ್ಲರ್ ಒಂದು ಗಳಿಗೆಯೂ ಅನುಮಾನಿಸದೆ ಗುರ್ರೆಂದು ಹೊತ್ತಿಕೊಂಡಿತು. ಇದು ಯಾವ ಮನೆಯಲ್ಲಾದರೂ ಸಂತೋಷಪಡುವಂಥ ಸಂಗತಿ. ಸೆಲ್ವಿನ್ ಮಾತ್ರ ತಟ್ಟನೆ ನಲ್ಲಿ ನಿಲ್ಲಿಸಿದ. ಬೇಸಿಗೆ ಮುಗಿದಾಗಿನಿಂದ ಕೆಟ್ಟು ಕೂತಿದ್ದ ಬಾಯ್ಲರ್ ಇದು. ರಿಪೇರಿ ಮಾಡಬೇಕಾಗಿದ್ದವನು ಅವನು, ಬಾಯ್ಲರ್ ರಿಪೇರಿಯೇ ಅವನ ಹೊಟ್ಟೆಪಾಡು, ಮತ್ತು ಅವನು ಅದನ್ನು ಮುಟ್ಟಿರಲಿಲ್ಲ. ಬೆವರ್ಲಿ ರಸ್ತೆಯಲ್ಲಿ ಮಧ್ಯಾಹ್ನದ ಗಿರಾಕಿಯೊಬ್ಬಳು ಇವತ್ತು ಬೇಡ ಅಂದಿದ್ದರಿಂದ, ಮೂಲೆಯಂಗಡಿಯ ಆಲೂಗಡ್ಡೆ ಪ್ಯಾಟಿ ಮತ್ತು ಚಿಪ್ಸನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಮನೆಯಲ್ಲೇ ತಿನ್ನೋಣವೆಂದು ಬಂದಿದ್ದ. ಹೆಂಡತಿ ಏವ್ರಿಲ್ ಈ ಹೊತ್ತಿನಲ್ಲಿ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಿರುತ್ತಾಳೆ. ತಣ್ಣೀರಲ್ಲೇ ಕೈ ತೊಳೆಯಲು ಸಿದ್ಧನಾಗಿ ಬಂದವನ ಕೈ ಈಗ ಕೆಂಪಗಾಗಿತ್ತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಸುತ್ತ ನೋಡಿದ.

ಆಗ ಕಣ್ಣಿಗೆ ಬಿದ್ದದ್ದು ಎರಡು ಮಗ್ಗುಗಳು. ತೊಳೆದು ಬೋರಲು ಹಾಕಿದ್ದವು, ಒಂದರ ಪಕ್ಕ ಒಂದು. ಬೆಳಿಗ್ಗೆ ಅವನು ಹೊರಡುವಾಗ ಅಲ್ಲಿ ಏನೂ ಇರಲಿಲ್ಲ. ಮೇಜಿನ ಮೇಲೆ, ಮುಚ್ಚಳ ಸರಿಯಾಗಿ ಕೂರದೆ, ಕೋಟೆಯ ಚಿತ್ರವಿರುವ ಆ ಡಬ್ಬಿ. ಆ ಡಬ್ಬಿಯಲ್ಲಿರುವುದು ಚಾಕೊಲೇಟು ಮೆತ್ತಿದ ದಪ್ಪ ಬಿಸ್ಕತ್ತು. ಅದು ಮನೆಯವರಿಗಲ್ಲ. ಸೆಲ್ವಿನ್‌ಗೆ ಟೀ ಜೊತೆ ಸಿಗುವುದು ಕಾಗದದ ಪೊಟ್ಟಣದ ಒಣ ಬಿಸ್ಕತ್ತು. ಡಬ್ಬಿಯದು ಕೆಲಸಕ್ಕೆ ಬಂದವರಿಗೆ: ಕಿಟಕಿ ಕೂರಿಸುವವನಿಗೆ, ಹೆಂಚು ಸರಿಮಾಡುವವನಿಗೆ, ಬಾಯ್ಲರಿನವನಿಗೆ. ಹಲ್ ಊರಿನಲ್ಲಿ ಇಂಥ ಡಬ್ಬಿಯಿಲ್ಲದ ಮನೆಯಿಲ್ಲ, ಮತ್ತು ಸೆಲ್ವಿನ್ ಕೈ ಹಾಕದ ಡಬ್ಬಿಯೂ ಅಪರೂಪವೇ. ಸಕ್ಕರೆ ಎಷ್ಟು ಎಂದು ಕೇಳುತ್ತಾರೆ, ಎರಡು ಅನ್ನುತ್ತಾನೆ, ಡಬ್ಬಿ ಮುಂದೆ ಬರುತ್ತದೆ, ಅಯ್ಯೋ ಬೇಡ ಬೇಡ ಎಂದು ಒಂದು ಸಲ ಹೇಳಿ ಎರಡು ಎತ್ತಿಕೊಳ್ಳುತ್ತಾನೆ. ಹೆಂಡತಿಯರು ನಿಂತು ಮಾತಾಡುತ್ತಾರೆ. ಗಂಡಂದಿರು ಒಳಕೋಣೆಯಲ್ಲಿ ಟೀವಿಯ ಸದ್ದು ಸ್ವಲ್ಪ ತಗ್ಗಿಸಿ, ತಮ್ಮ ಕೈಲಾಗದ ಕೆಲಸವನ್ನು ಇನ್ನೊಬ್ಬ ಗಂಡಸು ಮಾಡುವ ಸದ್ದು ಕೇಳುತ್ತಾ ಕೂತಿರುತ್ತಾರೆ. ಆ ಗಂಡಂದಿರನ್ನು ನೋಡಿ ಸೆಲ್ವಿನ್ ಎಷ್ಟು ಸಲ ಒಳಗೊಳಗೇ ನಕ್ಕಿದ್ದನೋ. ಈಗ ತನ್ನ ಮನೆಯ ಮೇಜಿನ ಮೇಲೆ, ಯಾವನೋ ತಿಂದು ಹೋದ ಬಿಸ್ಕತ್ತಿನ ಪುಡಿ ಬಿದ್ದಿತ್ತು.

ಕಿಟಕಿಯ ಕಟ್ಟೆ ನೋಡಿದ. ಪಾತ್ರೆ ಸೋಪಿನ ಬಾಟಲಿಯ ಹಿಂದೆ ಇರಬೇಕಾಗಿದ್ದ ಪುಟ್ಟ ಪೆಟ್ಟಿಗೆ ಇರಲಿಲ್ಲ. ಅದರಲ್ಲಿದ್ದದ್ದು ಹೊಸ ಸೆನ್ಸರ್. ಕಣ್ಣಿಗೆ ಬಿದ್ದರೆ ಹಾಕುವುದು ನೆನಪಾಗುತ್ತದೆ ಎಂದು ಅವನೇ ತಂದಿಟ್ಟಿದ್ದ. ದಿನಾ ಕಣ್ಣಿಗೆ ಬಿದ್ದೂ ಬಿದ್ದೂ ಅದು ಕಿಟಕಿಯ ಒಂದು ಭಾಗವೇ ಆಗಿಹೋಗಿತ್ತು. ಏವ್ರಿಲ್ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದಳು, ಒರೆಸುವಾಗ ಏನೂ ಹೇಳುತ್ತಿರಲಿಲ್ಲ, ಆದರೆ ಒರೆಸುವ ಸದ್ದು ಸ್ವಲ್ಪ ಜೋರಾಗಿರುತ್ತಿತ್ತು. ಹಾಗಾದರೆ ಪರಪುರುಷನ ಕೈಗೆ ಆ ಪೆಟ್ಟಿಗೆಯನ್ನೂ ಅವಳೇ ತೆಗೆದುಕೊಟ್ಟಿದ್ದಾಳೆ. ತಾನು ತಂದ ಸಾಮಾನು, ತನ್ನ ಮನೆಯ ಗೋಡೆ, ತನ್ನ ಹೆಂಡತಿಯ ಟೀ. ಸೆಲ್ವಿನ್ ಕುರ್ಚಿ ಎಳೆದು ಕೂತ. ಚಿಪ್ಸ್ ಆರುತ್ತಿತ್ತು. ಹಸಿವು ಎಲ್ಲೋ ಹೊರಟುಹೋಗಿತ್ತು.

ಬಾಯ್ಲರಿನ ರೋಗ ಅವನಿಗೆ ಮೊದಲ ದಿನವೇ ಗೊತ್ತಿತ್ತು. ತಲೆಗೆ ಶಾಂಪೂ ಹಚ್ಚಿಕೊಂಡ ಏವ್ರಿಲ್ ಟವೆಲು ಸುತ್ತಿಕೊಂಡು ಮೆಟ್ಟಿಲ ಮೇಲಿಂದ, "ಸೆಲ್ವಿನ್, ನೀರು ತಣ್ಣಗಾಯ್ತು!" ಎಂದು ಕೂಗಿದಾಗ, ಅವನು ಪೇಪರಿನಿಂದ ತಲೆಯೆತ್ತದೆ, ಅದೇ ಬಾಯ್ಲರಿನಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಬಿಸಿಯಿದೆಯಾ ಎಂದು ಪಾದದಿಂದಲೇ ಮುಟ್ಟಿ ನೋಡಿ, ಇದ್ದದ್ದರಿಂದ, "ಸೆನ್ಸರ್ ಕಣೇ" ಅಂದಿದ್ದ. ಮುಂದೆ ಒಂದು ಭಾನುವಾರ ಊಟಕ್ಕೆ ಬಂದಿದ್ದ ಷಡ್ಡಕನಿಗೆ ಪೂರಾ ಪಾಠ ಹೇಳಿದ್ದ. ಮನೆ ಬೆಚ್ಚಗಾಗುತ್ತಿದೆ ಅಂದರೆ ಗ್ಯಾಸು ಸರಿ, ಬೆಂಕಿ ಸರಿ. ನಲ್ಲಿಗೆ ಮಾತ್ರ ಬಿಸಿನೀರಿಲ್ಲ ಅಂದರೆ, ಯಾರೋ ನಲ್ಲಿ ತಿರುಗಿಸಿದ್ದಾರೆ ಅನ್ನುವ ಸುದ್ದಿಯೇ ಬಾಯ್ಲರಿಗೆ ಮುಟ್ಟುತ್ತಿಲ್ಲ. ತಣ್ಣೀರು ಒಳಗೆ ಬರುವ ದಾರಿಯಲ್ಲಿ ಉಗುರಿನಷ್ಟು ಒಂದು ಚಕ್ರವಿರುತ್ತದೆ, ನೀರು ಹರಿದರೆ ಅದು ತಿರುಗುತ್ತದೆ, ಅದು ತಿರುಗಿದರೆ ಬಾಯ್ಲರ್ ಏಳುತ್ತದೆ. ನಮ್ಮೂರ ಗಡಸು ನೀರಿಗೆ ಸುಣ್ಣ ಕಟ್ಟಿ ಚಕ್ರ ಹಿಡಿದುಕೊಳ್ಳುತ್ತದೆ. ಇದನ್ನೆಲ್ಲ ಅವನು ಕುರಿಮಾಂಸದ ಮೇಲೆ ಪುದೀನ ಸಾಸು ಸುರಿದುಕೊಳ್ಳುತ್ತಾ ಹೇಳಿದ್ದ. ಷಡ್ಡಕ ಅರ್ಧಕ್ಕೇ ತೂಕಡಿಸತೊಡಗಿದ್ದ. ಏವ್ರಿಲ್ ತಟ್ಟೆಗಳನ್ನೆತ್ತಿಕೊಂಡು ಹೋಗಿ, ಮರದ ಸೌಟಿನಿಂದ ಬಾಯ್ಲರಿನ ಹೊಟ್ಟೆಗೆ ಎರಡೇಟು ಕೊಟ್ಟು, ನಲ್ಲಿಯನ್ನು ಬಿಟ್ಟು ನಿಲ್ಲಿಸಿ ಬಿಟ್ಟು ನಿಲ್ಲಿಸಿ, ಅದನ್ನು ಏಳಿಸುವ ಹೊಸ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಳು. ಅಡುಗೆಮನೆಯಿಂದ ಅವಳು, "ಸೆಲ್ವಿನ್, ನಿನ್ ಹತ್ರ ಒಂದು ಮಾತು" ಅಂದಿದ್ದೂ ಅವತ್ತೇ ಇರಬೇಕು. "ನಾಳೆ ನೋಡ್ತೀನಿ ಕಣೇ" ಅಂದಿದ್ದ. ಅವಳು ಕೇಳಬೇಕೆಂದಿದ್ದದ್ದು ಬಾಯ್ಲರಿನ ವಿಷಯವೋ ಬೇರೆಯೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಎದ್ದು ಬಾಯ್ಲರಿನ ಮುಂಭಾಗದ ತಗಡು ಬಿಚ್ಚಿದ. ಸ್ಕ್ರೂಗಳನ್ನು ವಿಪರೀತ ಬಿಗಿ ಮಾಡಿದ್ದಾರೆ. ಒಳಗೆ ಹೊಸ ಸೆನ್ಸರ್ ಬೆಳ್ಳಗೆ ಕೂತಿದೆ. ಕೆಳಗೆ ಪಾತ್ರೆ ಒರೆಸುವ ಟವೆಲನ್ನು ನಾಲ್ಕು ಮಡಿಕೆ ಮಾಡಿ ತುರುಕಿದ್ದಾರೆ. ಅವನು ಅದನ್ನು ಎಳೆದು ಮೂಸಿ ನೋಡಿದ. ಬೇರೆ ಗಂಡಸಿನ ವಾಸನೆಯೇನೂ ಇರಲಿಲ್ಲ, ಸೋಪಿನ ವಾಸನೆಯಿತ್ತು. ಕಿಟಕಿ ಕಟ್ಟೆಯ ಮೇಲೆ ಬೆಣ್ಣೆ ಸವರುವ ಚಾಕು, ಮದುವೆಗೆ ಏವ್ರಿಲ್‌ಳ ಚಿಕ್ಕಮ್ಮ ಕೊಟ್ಟ ಸೆಟ್ಟಿನದು, ತುದಿ ಸೊಟ್ಟಗಾಗಿತ್ತು. ಅಯ್ಯೋ ಪಾಪಿ, ಇದರಿಂದ ಸೆನ್ಸರಿನ ಕ್ಲಿಪ್ ಎಬ್ಬಿಸಿದ್ದಾನಾ! ಆಮೇಲೆ, ಸೆನ್ಸರಿನ ಬುಡದಲ್ಲಿ, ಸಾಸಿವೆಯಷ್ಟು ಒಂದು ನೀರಹನಿ ಊರಿ, ದಪ್ಪಗಾಗಿ, ಬಿತ್ತು. ಅದರ ಹಿಂದೆ ಇನ್ನೊಂದು ಊರತೊಡಗಿತು. ಸೆಲ್ವಿನ್‌ಗೆ ಇವತ್ತು ಮೊದಲ ಬಾರಿಗೆ ಮನಸ್ಸು ಹಗುರವಾಯಿತು. ತೊಟ್ಟಿಕ್ಕುತ್ತಿದೆ! ವಾಷರಿನ ರಬ್ಬರ್ ಬಳೆ ಸರಿಯಾಗಿ ಹಾಕಿಲ್ಲ, ನನ್ಮಗ! ತನ್ನ ಮನೆಯ ಬಾಯ್ಲರ್ ಸೋರುವುದನ್ನು ಕಂಡು ಇಷ್ಟು ಸಂತೋಷಪಟ್ಟ ಮನುಷ್ಯ ಇಡೀ ಯಾರ್ಕ್‌ಷೈರಿನಲ್ಲಿ ಇನ್ನೊಬ್ಬನಿರಲಾರ. ಹನಿಯ ಕೆಳಗೆ ಒಂದು ಬಟ್ಟಲಿಟ್ಟು, ಪ್ಯಾಟಿಯನ್ನು ಎರಡೇ ತುತ್ತಿಗೆ ಮುಗಿಸಿ, ವ್ಯಾನು ಹತ್ತಿದ.

ಯಾರು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಊರಿನ ಇನ್ನೊಬ್ಬ ಬಾಯ್ಲರಿನವನು, ಡೆನ್ನಿಸ್ ಬ್ಲೆಂಕಿನ್. ತನ್ನ ನಗುಮುಖವನ್ನೇ ವ್ಯಾನಿನ ಎರಡೂ ಕಡೆ ದೊಡ್ಡದಾಗಿ ಬರೆಸಿಕೊಂಡಿರುವ ಬ್ಲೆಂಕಿನ್, ಗಿರಾಕಿಗಳ ಮನೆಯಲ್ಲಿ ನಾಯಿಗಳ ಹೆಸರು ನೆನಪಿಟ್ಟುಕೊಂಡು ಕೂಗುವ ಬ್ಲೆಂಕಿನ್. ಕಳೆದ ಕ್ರಿಸ್ಮಸ್ಸಿನಲ್ಲಿ ಕ್ಲಬ್ಬಿನಲ್ಲಿ ಏವ್ರಿಲ್ ಅವನ ಯಾವುದೋ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಕ್ಕಿದ್ದಳು. ಆಗ ಸೆಲ್ವಿನ್ ಪಕ್ಕದವನಿಗೆ ಒತ್ತಡದ ವಾಲ್ವಿನ ಬಗ್ಗೆ ವಿವರಿಸುತ್ತಿದ್ದ. ಅವಳು ಕೊನೆಯ ಸಲ ತನ್ನ ಮಾತಿಗೆ ಹಾಗೆ ನಕ್ಕದ್ದು ಯಾವಾಗ? ಸಿಗ್ನಲಿನಲ್ಲಿ ಹಸಿರು ಬಂದದ್ದು ಕಾಣದೆ ಕೂತವನಿಗೆ ಹಿಂದಿನವನು ಹಾರನ್ ಹೊಡೆದ. ಪಾತ್ರೆ ತೊಳೆಯುವಾಗ ಅವಳ ಕೈಬೆರಳು ತಣ್ಣೀರಿಗೆ ಬಿಳಚಿಕೊಂಡು, ಗೆಣ್ಣುಗಳ ಹತ್ತಿರ ಮಾತ್ರ ಕೆಂಪಾಗಿರುತ್ತಿದ್ದದ್ದು ಯಾಕೋ ಈಗ ಕಣ್ಣಿಗೆ ಕಟ್ಟಿತು. ಕಂಡಿದ್ದ ಅವನು ಅದನ್ನು. ಕಂಡು, ಸೆನ್ಸರ್ ಅಂದುಕೊಂಡಿದ್ದ.

ಪ್ಲಂಬಿಂಗ್ ಸಾಮಾನಿನ ಅಂಗಡಿಯ ಕೌಂಟರಿನಲ್ಲಿ ಬ್ಲೆಂಕಿನ್ ಮೊಣಕೈ ಊರಿ, ಅಂಗಡಿಯ ಲಾರ್ನಾ ಕೊಟ್ಟ ಟೀ ಕುಡಿಯುತ್ತಾ ನಿಂತಿದ್ದ. ಸುತ್ತ ಇನ್ನೂ ನಾಲ್ಕಾರು ಜನ ಕೆಲಸದವರು.

"ಏನಯ್ಯಾ ಬ್ಲೆಂಕಿನ್," ಎಂದ ಸೆಲ್ವಿನ್, ದಾರಿಯುದ್ದಕ್ಕೂ ಹದ ಮಾಡಿಕೊಂಡು ಬಂದ ದನಿಯಲ್ಲಿ, "ಬೆಳಿಗ್ಗೆ ನಮ್ಮ ಕಡೆ ಬಂದಿದ್ದೆ ಅಂತ ಕಾಣುತ್ತೆ?"

"ನಿಮ್ಮ ಕಡೆ ಅಂದ್ರೆ?"

"ನಮ್ಮ ಕಡೆ ಅಂದ್ರೆ ನಮ್ಮನೆ ಕಡೆ. ನಮ್ಮ ಅಡುಗೆಮನೆ ಕಡೆ. ಬಿಸ್ಕತ್ತು ಚೆನ್ನಾಗಿತ್ತಾ?"

ಬ್ಲೆಂಕಿನ್ ಲಾರ್ನಾ ಕಡೆ ನೋಡಿದ. "ಏನಾಗಿದೆ ಇವನಿಗೆ?"

"ತೊಟ್ಟಿಕ್ತಾ ಇದೆ ಕಣಯ್ಯಾ!" ಹದ ತಪ್ಪಿತು. "ರಬ್ಬರ್ ಬಳೆ ನೆಟ್ಟಗೆ ಹಾಕೋಕೆ ಬರಲ್ವಾ ನಿಂಗೆ? ನನ್ನ ಹೆಂಡ್ತಿ ಬೆಣ್ಣೆ ಚಾಕು ತಗೊಂಡು ಕ್ಲಿಪ್ ಎಬ್ಬಿಸಿದೀಯಲ್ಲ, ಒಂದು ಸ್ಕ್ರೂಡ್ರೈವರಿಗೂ ಗತಿಯಿಲ್ವಾ? ಮುಖ ಬರೆಸೋಕೆ ಇಷ್ಟು ದೊಡ್ಡ ವ್ಯಾನು ಬೇಕು!"

ಬ್ಲೆಂಕಿನ್‌ನ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ, ವ್ಯಾನಿನ ಮೇಲಿರುವ ಅದೇ ನಗು, ನಿಧಾನಕ್ಕೆ, ಒಂದು ತುದಿಯಿಂದ ಬಿಚ್ಚಿಕೊಳ್ಳತೊಡಗಿತು.

"ತಡಿ ತಡಿ. ನಾನು ಬೆಳಿಗ್ಗೆಯಿಂದ ಕಾಟಿಂಗ್‌ಹ್ಯಾಮ್‌ನಲ್ಲಿ ಒಂದು ಚರ್ಚಿನ ನೆಲ ಅಗೀತಾ ಇದ್ದೆ. ಅಂದ್ರೆ... ನಿನ್ನ ಮನೆ ಬಾಯ್ಲರನ್ನ ಯಾರೋ ಬಂದು ರಿಪೇರಿ ಮಾಡಿ ಹೋಗಿದಾರೆ. ಯಾರು ಅಂತ ನಿಂಗೇ ಗೊತ್ತಿಲ್ಲ. ಸರೀನಾ?"

ಲಾರ್ನಾ ಪೆನ್ನು ಕೆಳಗಿಟ್ಟಳು. "ಅಯ್ಯೋ ಸೆಲ್ವಿನ್," ಅಂದಳು, ಸಾವಿನ ಮನೆಯಲ್ಲಿ ಹೇಳುವ ಹಾಗೆ. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ತಾಮ್ರದ ಪೈಪುಗಳ ನಡುವಿನಿಂದ ಯಾರೋ ಕೀಚಲಾಗಿ ನಕ್ಕರು, ಅಷ್ಟಕ್ಕೇ ಇಡೀ ಅಂಗಡಿ ನಗತೊಡಗಿತು. ನಾಳೆ ಬೆಳಗಾಗುವುದರೊಳಗೆ ಊರಿನ ಪ್ರತಿ ವ್ಯಾನಿನಲ್ಲೂ ಈ ಕಥೆ ಕೂತಿರುತ್ತದೆ ಎಂದು ಸೆಲ್ವಿನ್‌ಗೆ ಗೊತ್ತಾಯಿತು. ಕೂರಿಸಿದವನು ತಾನೇ ಎಂಬುದೂ ಗೊತ್ತಾಯಿತು. ಅವನು ಬೇರೇನೂ ತೋಚದೆ ಒಂದು ಚೀಲ ರಬ್ಬರ್ ಬಳೆ ಕೊಂಡ. ಬಾಗಿಲ ತನಕ ಬಂದ ಬ್ಲೆಂಕಿನ್ ದನಿ ತಗ್ಗಿಸಿ, "ಏವ್ರಿಲ್ ಯಾರನ್ನ ಕರೆಸಿದ್ಲು ಅಂತ ಕೇಳಿ ಹೇಳಯ್ಯಾ. ನಮ್ಮನೇದು ಈಸ್ಟರ್‌ನಿಂದ ಕೆಟ್ಟು ಕೂತಿದೆ. ನನ್ನ ಹೆಂಡ್ತಿ ನನ್ನ ಹತ್ರ ಮಾತೇ ಬಿಟ್ಟಿದಾಳೆ" ಅಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ತಿರುಗಿ ನೋಡಿದರೆ, ಅವನ ಮುಖದಲ್ಲಿ ನಗುವಿರಲಿಲ್ಲ.

ನವೆಂಬರಿನ ಬೆಳಕು ಬೇಗ ಕಂದುತ್ತದೆ. ಮನೆಗೆ ಬಂದಾಗ ಅಡುಗೆಮನೆಯ ದೀಪ ಹಾಕಿತ್ತು. ಏವ್ರಿಲ್ ಇನ್ನೂ ಕೋಟು ತೆಗೆಯದೆ, ತಗಡು ಬಿಚ್ಚಿದ ಬಾಯ್ಲರಿನ ಮುಂದೆ ನಿಂತು, ಬಟ್ಟಲಿಗೆ ಬೀಳುವ ಹನಿಯನ್ನು ನೋಡುತ್ತಿದ್ದಳು. ವ್ಯಾನಿನಲ್ಲಿ ಅವನು ಬಹಳ ಗಂಭೀರವಾದ ವಾಕ್ಯಗಳನ್ನು ಸಿದ್ಧಮಾಡಿಕೊಂಡಿದ್ದ: ನಂಬಿಕೆ, ಇಷ್ಟು ವರ್ಷದ ಸಂಸಾರ, ಒಂದು ಮಾತು ಕೇಳಬಹುದಿತ್ತು, ಹೀಗೆ. ಬಾಯಿ ತೆರೆದಾಗ ಬಂದದ್ದು ಬೇರೆ.

"ಯಾರವನು?"

"ಯಾವನು?"

"ಬಿಸ್ಕತ್ತು ತಿಂದೋನು."

ಏವ್ರಿಲ್ ತಿರುಗಿ ಅವನನ್ನು ಅಡಿಯಿಂದ ಮುಡಿತನಕ ನೋಡಿದಳು. "ತಿಂದೋನಲ್ಲ, ತಿಂದೋಳು. ನಾನು."

"ಎರಡು ಮಗ್ಗು ಇತ್ತು."

"ಒಂದು ಮನೆಯೊಡತೀದು. ಇನ್ನೊಂದು ಕೆಲಸಕ್ಕೆ ಬಂದೋರದು. ಕೆಲಸಕ್ಕೆ ಬಂದೋರಿಗೆ ಟೀ ಕೊಡದೆ ಇರೋಕಾಗುತ್ತಾ? ಸಕ್ಕರೆ ಎಷ್ಟು ಅಂತ ಕೇಳ್ದೆ. ಎರಡು ಅಂದೆ. ಬಿಸ್ಕತ್ತು ತಗೊಳ್ಳಿ ಅಂದೆ. ಬೇಡ ಬೇಡ ಅಂದು ಮೂರು ತಿಂದೆ." ಅವಳು ಕೋಟಿನ ಗುಂಡಿ ಬಿಚ್ಚತೊಡಗಿದಳು. "ಮನೆಯೊಡತಿ ಕೇಳಿದ್ಲು, ಏನಮ್ಮಾ, ನಿಮ್ಮ ಯಜಮಾನ್ರು ಏನು ಕೆಲ್ಸ ಮಾಡ್ತಾರೆ ಅಂತ. ಇದೇ ಕೆಲ್ಸ ಅಂದೆ. ಇಬ್ರೂ ಕೂತು ಚೆನ್ನಾಗಿ ನಕ್ವಿ."

ಸೆಲ್ವಿನ್ ನಗಲಿಲ್ಲ. ಅವನ ಕಣ್ಣು ಬಾಯ್ಲರಿಗೆ, ಚಾಕುವಿಗೆ, ಅವಳ ಕೈಗೆ ಹೋಗಿ ಬಂತು. ನಾಲ್ಕು ಮಡಿಕೆಯ ಟವೆಲು. ಈ ಮನೆಯಲ್ಲಿ ಟವೆಲನ್ನು ಹಾಗೆ ಮಡಿಸುವವರು ಒಬ್ಬರೇ ಎಂದು ಅವನಿಗೆ ಹೊಳೆಯಬೇಕಾಗಿತ್ತು.

"ನೀನು... ಹೇಗೆ?"

"ಹೇಗೆ ಅಂದ್ರೆ? ಕರೆಂಟು ಆಫ್ ಮಾಡ್ದೆ. ಕೆಳಗೆ ತಣ್ಣೀರಿನ ವಾಲ್ವ್ ಮುಚ್ಚಿದೆ. ನಲ್ಲಿ ಬಿಟ್ಟು ಒಳಗಿರೋ ನೀರು ಖಾಲಿ ಮಾಡ್ದೆ. ವೈರು ಕಿತ್ತೆ, ಕ್ಲಿಪ್ ಎಬ್ಬಿಸ್ದೆ, ಹಳೇದು ಎಳ್ದೆ, ಹೊಸದು ತಳ್ಳಿದೆ. ಹಳೇದರ ಚಕ್ರ ನೋಡು ಬೇಕಾದ್ರೆ, ಕೆಟಲಿನ ತಳದ ಥರ ಸುಣ್ಣ ಕಟ್ಟಿದೆ."

"ಇದೆಲ್ಲಾ ನಿಂಗೆ ಯಾರು ಹೇಳ್ಕೊಟ್ರು?"

"ಯಾರು ಹೇಳ್ಕೊಡ್ತಾರೆ? ಮದುವೆ ಆದಾಗಿಂದ ಊಟಕ್ಕೆ ಕೂತ್ರೆ ಇನ್ನೇನು ಮಾತಾಡಿದೀಯ ನೀನು? ನೀರಿನ ಕಡೆ ಮುಟ್ಟಬಹುದು, ಗ್ಯಾಸಿನ ಕಡೆ ಬೆರಳಿಡಬಾರ್ದು, ಅದೂ ನೀನೇ ಹೇಳಿದ್ದು. ನಮ್ಮ ಭಾವ ನಿದ್ದೆ ಹೋದ್ರು. ನಾನು ಎದ್ದಿದ್ದೆ."

ಸೆಲ್ವಿನ್ ಕೂತ. ಇಷ್ಟು ಕಾಲ ತಾನು ಮಾತಾಡಿದ್ದನ್ನು ಒಬ್ಬರು ಕೇಳಿಸಿಕೊಂಡಿದ್ದಾರೆ ಎಂಬುದು ಅವನಿಗೆ ಹೊಸ ಸುದ್ದಿ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವಳು ಕೇಳಿಸಿಕೊಂಡದ್ದರಲ್ಲಿ ಒಂದಂಶವನ್ನಾದರೂ ತಾನು ಅವಳಿಂದ ಕೇಳಿಸಿಕೊಂಡಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ಹೋದರೆ, ಶಾಂಪೂ ಹಚ್ಚಿದ ತಲೆಯೊಂದು ಮೆಟ್ಟಿಲ ಮೇಲಿಂದ ಕೂಗುವುದಷ್ಟೇ ನೆನಪಿಗೆ ಬಂತು. ಅವನಿಗೆ ಹೆದರಿಕೆಯಾಯಿತು.

"ಬೇರೆ ಯಾರನ್ನಾದ್ರೂ ಕರೆಸ್ಬಹುದಿತ್ತು," ಅಂದ, ಕುಂದಿದ ದನಿಯಲ್ಲಿ.

"ಕರೆಸಿ? ಸಡಬಿ ಮನೆ ಬಾಯ್ಲರ್ ಬೇರೆಯವ್ನು ರಿಪೇರಿ ಮಾಡ್ದ ಅಂತ ಊರೆಲ್ಲಾ ನಗ್ಲಿ ಅಂತಲಾ? ನಿನ್ನ ಮರ್ಯಾದೆ ಉಳಿಸೋಕೆ ನಮ್ಮ ಚಿಕ್ಕಮ್ಮನ ಚಾಕು ಹಾಳು ಮಾಡ್ಕೊಂಡಿದೀನಿ ನಾನು."

ಲಾರ್ನಾ ಪೆನ್ನು ಕೆಳಗಿಟ್ಟದ್ದು ಸೆಲ್ವಿನ್‌ಗೆ ನೆನಪಾಯಿತು. ಅದನ್ನು ಇವಳಿಗೆ ಹೇಗೆ ಹೇಳುವುದು? ಅವಳು ಉಳಿಸಿದ ಆ ಮರ್ಯಾದೆಯನ್ನು ತಾನೇ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ, ಟೀ ಕುಡಿಯುತ್ತಿದ್ದವರ ಮುಂದೆ ಸುರಿದು ಬಂದದ್ದನ್ನು? ಹೇಳಿಯೇಬಿಟ್ಟ. ಬ್ಲೆಂಕಿನ್, ಬಿಸ್ಕತ್ತು, ಬೆಣ್ಣೆ ಚಾಕು, ಎಲ್ಲವನ್ನೂ. ಏವ್ರಿಲ್ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಒಲೆಯ ಅಂಚು ಹಿಡಿದುಕೊಂಡು, ತಲೆ ಹಿಂದಕ್ಕೆ ಹಾಕಿ, ಕ್ಲಬ್ಬಿನಲ್ಲಿ ನಕ್ಕಿದ್ದಕ್ಕಿಂತ ಜೋರಾಗಿ ನಕ್ಕಳು. ಕಣ್ಣೊರೆಸಿಕೊಂಡು, "ಬ್ಲೆಂಕಿನ್ ಅಂತೆ! ಅವನ ಕೈಲಿ ನಾನು ಕೆಟಲು ಕೂಡ ಮುಟ್ಟಿಸಲ್ಲ" ಅಂದಳು. ಸೆಲ್ವಿನ್‌ಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಅವನೂ ಸ್ವಲ್ಪ ನಕ್ಕ.

"ತೊಟ್ಟಿಕ್ತಾ ಇದೆ," ಅಂದ, ಈಗ ಮೆಲ್ಲಗೆ.

"ಗೊತ್ತು. ಹೊಸ ಬಳೆ ಕೈಜಾರಿ ಒಲೆ ಹಿಂದೆ ಉರುಳಿ ಹೋಯ್ತು. ಹಳೇದನ್ನೇ ಹಾಕ್ದೆ."

"ಇಲ್ಲಿದೆ ತಂದಿದೀನಿ, ಎರಡು ನಿಮಿಷದ ಕೆಲ್ಸ, ಸರಿ ಆಚೆ."

ಏವ್ರಿಲ್ ಸರಿಯಲಿಲ್ಲ. ಬಾಯ್ಲರಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. "ನೀನು ಬೇಡ. ನಾಳೆ ನೋಡ್ತೀನಿ ಅನ್ನೋ ಗಂಡ ಒಬ್ಬ ಇದಾನೆ ನಂಗೆ, ಸಾಕು. ನಂಗೆ ಬೇಕಾಗಿರೋದು ಕೆಲಸದವರು. ಎಲ್ಲರ ಮನೆಗೂ ಹೋಗ್ತಾರಂತಲ್ಲ ಒಬ್ರು, ಬಹಳ ಮರ್ಯಾದಸ್ತರಂತೆ. ಅವರನ್ನ ಕಳ್ಸು."

"ಏವ್ರಿಲ್..."

"ಹೊರಗೆ ಹೋಗು. ಬೆಲ್ ಮಾಡು."

ಹೋದ. ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು. ಚಳಿಗೆ ಹಂಬರ್ ನದಿಯ ಕೆಸರಿನ ವಾಸನೆ ಬೆರೆತಿತ್ತು. ಕಸದ ಡಬ್ಬಿಯನ್ನು ಒಳಗೆಳೆಯುತ್ತಿದ್ದ ಪಕ್ಕದ ಮನೆಯ ಮುದುಕ, "ಕೀ ಮರ್ತು ಬಂದ್ಯೇನೋ ಸೆಲ್ವಿನ್?" ಅಂದ. "ಇಲ್ಲ ಸಾರ್. ಕೆಲಸಕ್ಕೆ ಬಂದಿದೀನಿ." ಮುದುಕ ಡಬ್ಬಿಯನ್ನು ಅಲ್ಲೇ ಬಿಟ್ಟು ನಿಂತುಕೊಂಡ. ಸೆಲ್ವಿನ್ ಜೇಬಿನಿಂದ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ತೆಗೆದು, ಒಂದು ಕಾಲಲ್ಲಿ ಕುಂಟುತ್ತಾ, ಶೂಗಳ ಮೇಲೆ ಎಳೆದುಕೊಂಡ. ಗಿರಾಕಿಗಳ ಜಮಖಾನೆ ಕೊಳೆಯಾಗದಿರಲೆಂದು ಹಾಕುವಂಥವು. ತನ್ನ ಮನೆಯ ಹೊಸ್ತಿಲಲ್ಲಿ ಅವನ್ನು ಎಂದೂ ಹಾಕಿರಲಿಲ್ಲ, ಇಲ್ಲಿ ಕೆಸರು ಒರೆಸುವುದು ಏವ್ರಿಲ್. ಕೂದಲು ಒತ್ತಿಕೊಂಡ. ಬೆಲ್ ಒತ್ತಿದ. ತನ್ನ ಮನೆಯ ಬೆಲ್ ಹೊರಗಿನಿಂದ ಹೇಗೆ ಕೇಳಿಸುತ್ತದೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಅದು ಬಹಳ ದೂರದಲ್ಲಿ ಬಾರಿಸಿದಂತಿತ್ತು. ತೆಗೆಯುತ್ತಾಳೋ ಇಲ್ಲವೋ ಎಂದು ಒಂದು ಗಳಿಗೆ ನಿಜವಾಗಿಯೂ ಗಾಬರಿಯಾಯಿತು.

ತೆಗೆದಳು. ಕೂದಲನ್ನು ಸರಿಮಾಡಿಕೊಂಡಿದ್ದಳು. "ಬನ್ನಿ ಬನ್ನಿ. ಪಾಪ, ಈ ಚಳೀಲಿ. ಟೀ ಕುಡೀತೀರಲ್ಲ? ಸಕ್ಕರೆ ಎಷ್ಟು ಹಾಕ್ಲಿ?"

"ಎರಡು," ಅಂದ ಸೆಲ್ವಿನ್. ಮನೆಯಲ್ಲಿ ಅವನಿಗೆ ಒಂದೇ.

ಅಡುಗೆಮನೆಯಲ್ಲಿ ನೀಲಿ ಕಾಲುಗಳ ಮೇಲೆ ಅವನು ನೆಟ್ಟಗೆ ನಿಂತ. ಕೋಟೆಯ ಡಬ್ಬಿ ತೆರೆದು ಮುಂದೆ ಬಂತು. ಬೇಡ ಬೇಡ ಎನ್ನಲು ಹೋಗಿ ಸುಮ್ಮನಾದ. ಕೆಟಲು ಹಾಡತೊಡಗಿತು. ಇಂಥ ಹೊತ್ತಿನಲ್ಲಿ ಪ್ರತಿ ಮನೆಯಲ್ಲೂ ತಾನು ಕೇಳುವ ಒಂದು ಪ್ರಶ್ನೆಯಿದೆ, ಅದನ್ನು ಕೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟು ನಿಲ್ಲುತ್ತಾನೆ, ಹೆಂಗಸರು ಬಾಯ್ಲರಿನಿಂದ ಶುರುಮಾಡಿ ಸೊಂಟನೋವಿಗೆ, ಸತ್ತ ತಂಗಿಗೆ, ಎಲ್ಲೆಲ್ಲಿಗೋ ಹೋಗುತ್ತಾರೆ, ಅವನು ಟೀ ಆರುವ ತನಕ ಕೇಳುತ್ತಾನೆ. ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರಿರುವುದು ಅದಕ್ಕೇ. ಆ ಪ್ರಶ್ನೆಯನ್ನು ಅವನು ಈ ಅಡುಗೆಮನೆಯಲ್ಲಿ ಮಾತ್ರ ಕೇಳಿರಲಿಲ್ಲ.

"ಎಷ್ಟು ದಿನದಿಂದ ಹೀಗಾಗ್ತಿದೆ, ಮೇಡಂ?"

ಏವ್ರಿಲ್‌ಳ ಮುಖದ ಮೇಲಿದ್ದ ನಾಟಕದ ನಗು ನಿಧಾನವಾಗಿ ಇಳಿದು ಹೋಯಿತು. ಹನಿಯೊಂದು ಬಟ್ಟಲಿಗೆ ಬಿತ್ತು.

"ತುಂಬಾ ದಿನ ಆಯ್ತು," ಅಂದಳು. "ಮೊದಲಿಂದ ಹೇಳ್ಲಾ?"

ಸೆಲ್ವಿನ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತ.

"ಮೊದಲಿಂದ ಹೇಳಿ," ಅಂದ.